ಬೆನ್ನಿಗೊಂದು ರೀಸೆಟ್ ಬಟನ್

ಒಂದು ಯಂತ್ರ ಮಾಡಿದವರು ಯಾವುದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿದ್ದರು ಅನ್ನೋದು ಅದನ್ನ ಬಿಚ್ಚಿದರೆ ಗೊತ್ತಾಗುತ್ತೆ. ಹಳೆಯ ಯಂತ್ರಗಳನ್ನ ಬಿಚ್ಚಿ ನೋಡೋದು ನನ್ನ ಹವ್ಯಾಸ. ಸದ್ಯಕ್ಕೆ ಹಿಡಿದಿರೋ ಹುಚ್ಚು ಹಳೇ ವ್ಯಾಕ್ಯೂಮ್ ಕ್ಲೀನರ್‌ಗಳ ಪವರ್ ನಾಝಲ್‌ದು. ಕೊಳವೆಯ ತುದಿಯಲ್ಲಿ ನೆಲಕ್ಕೆ ತಾಗುವ ಮೂತಿ ಇದೆಯಲ್ಲ, ಅದರೊಳಗೇ ಇನ್ನೊಂದು ಪುಟ್ಟ ಮೋಟಾರ್, ಅದು ತಿರುಗಿಸುವ ಒಂದು ಉರುಳೆ ಬ್ರಷ್. ಅದೇ ಪವರ್ ನಾಝಲ್.

ಹೊರಗಿಂದ ಎಲ್ಲಾ ಒಂದೇ ಥರ ಕಾಣುತ್ತವೆ. ಬಿಚ್ಚಿದರೆ ಒಂದರಂತೆ ಇನ್ನೊಂದಿಲ್ಲ. ಕೆಲವಕ್ಕೆ ಸಾದಾ ರಬ್ಬರ್ ಬೆಲ್ಟು, ಹಳೆಯದಾದರೆ ಜಾರುತ್ತೆ. ಕೆಲವಕ್ಕೆ ಹಲ್ಲಿನ ಬೆಲ್ಟು, ಜಾರೋ ಮಾತೇ ಇಲ್ಲ. ಟರ್ಬೋ ಅಂತ ಕರೆಯೋವಕ್ಕೆ ಮೋಟಾರೇ ಇಲ್ಲ. ಎಳೆಯುವ ಗಾಳಿಯೇ ಚಕ್ರ ತಿರುಗಿಸಬೇಕು, ಅಷ್ಟರಮಟ್ಟಿಗೆ ಎಳೆತ ಕಮ್ಮಿ. ಕರೆಂಟಿನ ವೈರು ಕೆಲವದರಲ್ಲಿ ಕೊಳವೆಯ ಒಳಗೇ ಹಾದುಹೋಗುತ್ತೆ, ಕೆಲವದರಲ್ಲಿ ಹೊರಗೆ ಕ್ಲಿಪ್ಪಿನಲ್ಲಿ ಜೋತಾಡುತ್ತೆ. ಬ್ರಷ್ ಎಷ್ಟು ಎತ್ತರದಲ್ಲಿರಬೇಕು ಅಂತ ಕೆಲವು ನಾಝಲ್‌ಗಳು ಒಂದು ತಿರುಗಣೆ ಇಟ್ಟು ನಮ್ಮನ್ನೇ ಕೇಳುತ್ತವೆ. ಕೆಲವು ತಾವೇ ತೇಲಿಕೊಂಡು ನಿರ್ಧರಿಸುತ್ತವೆ. ಎಷ್ಟೋ ನಾಝಲ್‌ಗಳಲ್ಲಿ ಒಂದು ಪುಟ್ಟ ರೀಸೆಟ್ ಬಟನ್ನೂ ಇರುತ್ತೆ. ಬ್ರಷ್ಷಿಗೆ ದಾರವೋ ಕೂದಲೋ ಸುತ್ತಿಕೊಂಡು ಮೋಟಾರಿಗೆ ಹೊರೆ ಜಾಸ್ತಿಯಾದರೆ ಅದು ತಾನೇ ಆಫ್ ಆಗುತ್ತೆ. ಸಿಕ್ಕಿದ್ದನ್ನ ಬಿಡಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಬಟನ್ ಒತ್ತಿದರೆ ಮತ್ತೆ ಕೆಲಸಕ್ಕೆ ಹಾಜರ್.

ಇಷ್ಟೆಲ್ಲ ಕಾಳಜಿ ಮುಖ್ಯವಾಗಿ ದಪ್ಪ ಕಾರ್ಪೆಟ್ಟಿಗಾಗಿ. ಅಮೆರಿಕದ ಹೂವರ್ ಕಂಪನಿ 1926ರಲ್ಲೇ ತಿರುಗುವ ಬ್ರಷ್ಷಿಗೆ ಲೋಹದ ಪಟ್ಟಿ ಸೇರಿಸಿ, ಕಾರ್ಪೆಟ್ಟನ್ನ ತಟ್ಟಿ ಧೂಳೆಬ್ಬಿಸುವ ವಿಧಾನ ತಂದಿತ್ತು. ನಮ್ಮ ಬಾಗಲಕೋಟೆ ಕಡೆ ಇದಕ್ಕೆ ಕೆಲಸವೇ ಇಲ್ಲ. ನೆಲ ಅಂದರೆ ಶಹಾಬಾದ್ ಕಲ್ಲು, ಅನುಕೂಲಸ್ಥರಾದರೆ ಇಳಕಲ್ಲಿನ ಕೆಂಪು ಗ್ರಾನೈಟು. ಹಾಸೋದು ನವಲಗುಂದದ ಜಮಖಾನೆ. ಅದಕ್ಕೆ ಕಾರ್ಪೆಟ್ಟಿನಂಥ ಎದ್ದು ನಿಂತ ಎಳೆಗಳಿಲ್ಲ, ಎತ್ತಿ ಝಾಡಿಸಿದರೆ ಮುಗೀತು. 1982ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆ ಸೇರಿ ಶುರುವಾದ ಯುರೇಕಾ ಫೋರ್ಬ್ಸ್ ಮನೆಮನೆಗೆ ಹೋಗಿ ಮಾರಿದ ಯಂತ್ರಗಳಿಗೂ ಸಾಮಾನ್ಯವಾಗಿ ಇರುತ್ತಿದ್ದದ್ದು ಮೋಟಾರಿಲ್ಲದ ಸಾದಾ ಬ್ರಷ್ಷೇ.

ಆದರೆ ಧೂಳಿಗೇನೂ ಬರ ಇಲ್ಲ. ಹುನಗುಂದದ ಎರೆಮಣ್ಣು, ಇಳಕಲ್ಲಿನ ಕ್ವಾರಿ ಪುಡಿ, ಬಾದಾಮಿಯ ಕೆಂಪು ಮರಳುಗಲ್ಲಿನ ಉಸುಕು. ದಿನಕ್ಕೆರಡು ಸಲ ಗುಡಿಸಿದರೂ ಕಾಲಿಗೆ ಹತ್ತುತ್ತೆ. ಗುಡಿಸೋದು ಯಾವುದರಿಂದ? ಮೊಣಕಾಲಿನ ಎತ್ತರಕ್ಕೂ ಬಾರದ ಕಸಬರಿಗೆಯಿಂದ. ಯಾರು? ಸೊಂಟ ಬಗ್ಗಿಸಿದ ಒಬ್ಬ ಹೆಂಗಸು. ಐದು ಮನೆ ಹಿಡಿದಿದ್ದರೆ ಐದೂ ಮನೆಯಲ್ಲಿ ಅದೇ ಭಂಗಿ. ಮೋಟಾರಿಗೆ ಹೊರೆ ಜಾಸ್ತಿಯಾದರೆ ಬಟನ್ ಇದೆ. ಈ ಬೆನ್ನಿಗೆ?

"ನಮ್ಮದು ಬಡ ದೇಶ ಕಣ್ರೀ" ಅನ್ನೋ ಉತ್ತರ ನನಗೆ ಒಪ್ಪಿಗೆಯಾಗಲ್ಲ. ಕಸಬರಿಗೆಗೆ ಒಂದು ಕೋಲು ಕಟ್ಟೋದಕ್ಕೆ ಸ್ವೀಡನ್ನಿನ ತಂತ್ರಜ್ಞಾನ ಬೇಕಿಲ್ಲ. ಈ ಸೀಮೆಯವರಿಗೆ ಆ ಬುದ್ಧಿ ಇರಲಿಲ್ಲ ಅಂತಲೂ ಹೇಳೋ ಹಾಗಿಲ್ಲ. ಇಳಕಲ್ ಸೀರೆ ನೇಯುವ ಕುಣಿಮಗ್ಗ ನೋಡಿ. ನೇಕಾರರು ನೆಲದ ಮಟ್ಟದಲ್ಲಿ ಕೂತು, ಕಾಲನ್ನ ಕೆಳಗಿನ ಕುಣಿಗೆ ಇಳಿಬಿಟ್ಟು ತುಳಿಗೋಲು ತುಳೀತಾರೆ. ಅದು ಸುಖದ ಕೆಲಸ ಅಂತ ನಾನು ಹೇಳ್ತಿಲ್ಲ. ಆದರೆ ಕೆಲಸ ಮಾಡೋರ ಕಾಲಿಗೆ ಜಾಗ ಬೇಕು ಅಂತ ನೆಲವನ್ನೇ ಅಗೆದಿದ್ದಾರೆ. ಅಂಥ ಊರಲ್ಲಿ ಕಸಬರಿಗೆ ಮಾತ್ರ ಗಿಡ್ಡಾಗೇ ಉಳೀತು.

ಯಾಕೆ? ನನಗನ್ನಿಸೋದು ಇಷ್ಟು: ಮಗ್ಗ ಹೂಡಿದವರೂ ನೇಯುವವರೂ ಎಷ್ಟೋ ಸಲ ಒಂದೇ ಮನೆಯವರು. ಕಸಬರಿಗೆ ಕೊಳ್ಳುವವರು ಬೇರೆ, ಹಿಡಿಯುವವರು ಬೇರೆ. ವ್ಯಾಕ್ಯೂಮ್ ಕ್ಲೀನರಿನ ಕಥೆಯೂ ಇದನ್ನೇ ಹೇಳುತ್ತೆ. ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಲ್ಲಿ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಅಂತ ಒಬ್ಬರಿದ್ದರು. ಅಂಗಡಿಯೊಂದರಲ್ಲಿ ಗುಡಿಸೋ ಕೆಲಸ, ಜೊತೆಗೆ ಅಸ್ತಮಾ. ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಕೋಲು, ದಿಂಬಿನ ಚೀಲ ಸೇರಿಸಿ ತಮಗಾಗಿ ಒಂದು ಯಂತ್ರ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನ ಕೊಂಡವರೇ ಮುಂದೆ ಹೆಸರು ಮಾಡಿದ ಹೂವರ್. ಗುಡಿಸುವವರ ಕೈಗೇ ವಿನ್ಯಾಸ ಬಂದಾಗ ಅವರ ಶ್ವಾಸಕೋಶವೂ ಲೆಕ್ಕಕ್ಕೆ ಬಂತು.

ಹಾಗಂತ ಉದ್ದ ಕೋಲಿನ ಪೊರಕೆ ತಂದುಕೊಟ್ಟು ಪುಣ್ಯ ಕಟ್ಟಿಕೊಂಡೆ ಅಂದುಕೊಳ್ಳೋದೂ ಸರಿಯಲ್ಲ. ಬಾಗಲಕೋಟೆಯ ನವನಗರದಲ್ಲಿ ನೆಂಟರ ಮನೆಗೆ ಬರುವ ಹೆಂಗಸಿಗೆ ಯಾವುದು ಬೇಕು ಅಂತ ಕೇಳಿದೆ. "ಅಂಗಳಕ್ಕ ಉದ್ದಂದು ಛಲೋ ರಿ. ಮಂಚದ ಬುಡಕ ಹೊಕ್ಕೊಳ್ಳಾಕ ಇದs ಬೇಕು," ಅಂದರು. ಅಂದರೆ ಎರಡೂ ಬೇಕು. ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ, ಹೊಳೆಯೋಕೆ ನಾನು ಮಂಚದ ಕೆಳಗೆ ಗುಡಿಸುವವನಲ್ಲವಲ್ಲ. ತಾನೇ ನಿರ್ಧರಿಸುವ ನಾಝಲ್‌ಗಿಂತ ತಿರುಗಣೆ ಇರೋ ನಾಝಲ್ ನನಗಿಷ್ಟ ಆಗೋದು ಇದಕ್ಕೇ. ಅದು ಬಳಸುವವರನ್ನ ಒಂದು ಮಾತು ಕೇಳುತ್ತೆ.

ಬೆಂಗಳೂರಿನ ನಮ್ಮ ಫ್ಲ್ಯಾಟುಗಳಿಗೆ ಈಗ ರೋಬೋ ಕ್ಲೀನರ್ ಬಂದಿದೆ. ಅದು ಸಿಕ್ಕಿಹಾಕಿಕೊಳ್ಳಬಾರದು ಅಂತ ನಾವೇ ಚಾರ್ಜರ್ ವೈರು ಸುತ್ತಿಡ್ತೀವಿ, ಚಪ್ಪಲಿ ಎತ್ತಿಡ್ತೀವಿ, ಕುರ್ಚಿ ಮೇಜಿನ ಮೇಲೇರಿಸ್ತೀವಿ. ಮನುಷ್ಯರು ಗುಡಿಸೋಕೆ ಬಂದಾಗ ಇದರಲ್ಲಿ ಒಂದನ್ನಾದರೂ ಮಾಡ್ತೀವಾ? ವಸ್ತುಗಳ ಮೇಲೆ ಪ್ರೀತಿ ಇರೋದು ತಪ್ಪಲ್ಲ, ನನಗಂತೂ ಬೇಕಾದಷ್ಟಿದೆ. ಆದರೆ ಕಾಳಜಿ ಮಾಡೋ ಶಕ್ತಿ ನಮ್ಮಲ್ಲಿದೆ ಅನ್ನೋದಕ್ಕೆ ಆ ರೋಬೋನೇ ಸಾಕ್ಷಿ. ಅದು ಯಾರ ಕಡೆ ತಿರುಗಬೇಕು ಅನ್ನೋದು ನಮ್ಮ ಆಯ್ಕೆ, ಆ ಆಯ್ಕೆಗೆ ನಾವು ಉತ್ತರ ಕೊಡಬೇಕಾಗುತ್ತೆ. ಮುಂದಿನ ಸಲ ಪೊರಕೆ ತರೋ ಮುಂಚೆ ಹಿಡಿಯೋರನ್ನ ಕೇಳಿ. ಎರಡು ಬೇಕು ಅಂದರೆ ಎರಡೂ ತನ್ನಿ. ಇವತ್ತು ಬೆನ್ನು ನೋಯ್ತಿದೆ, ಗುಡಿಸಲ್ಲ ಅಂದರೆ, ಸಂಬಳ ಹಿಡೀಬೇಡಿ.