ಹಳದಿ ಎಲೆಯ ಲೆಕ್ಕ

ಎಲೆ ಹಳದಿಯಾಗೋದು ಒಳ್ಳೆಯದೋ ಕೆಟ್ಟದ್ದೋ? ಸಿಲ್ಲಿ ಪ್ರಶ್ನೆ ಅನ್ನಿಸಬಹುದು. ಆದರೆ ನೀವು ಎಲ್ಲಿ ನಿಂತು ನೋಡ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಬೆಂಗಳೂರಿನ ನರ್ಸರಿಗಳಲ್ಲಿ ಬರೀ ಹಸಿರು ಎಲೆಯ ಗಿಡಕ್ಕಿಂತ ಬಿಳಿ ಪಟ್ಟೆ, ಹಳದಿ ಮಚ್ಚೆ ಇರುವ ಗಿಡಕ್ಕೇ ಗಿರಾಕಿ ಜಾಸ್ತಿ. ಅಪಾರ್ಟ್‌ಮೆಂಟಿನ ಕಾಂಪೌಂಡಿನುದ್ದಕ್ಕೂ ಚಿನ್ನದ ಬಣ್ಣದ ಡುರಾಂಟಾ. ಕೊಪ್ಪ, ಶೃಂಗೇರಿ ಕಡೆಯ ನಮ್ಮ ಊರುಗಳಲ್ಲಿ ಮಾತ್ರ ಅಡಿಕೆ ಸೋಗೆಯ ತುದಿ ಹಳದಿಗೆ ತಿರುಗಿತು ಅಂದರೆ ಮನೆಯವರ ಮುಖ ಬಾಡುತ್ತೆ. ಅದು ಹಳದಿ ಎಲೆ ರೋಗ. ವಾಸಿ ಮಾಡುವ ಮದ್ದು ಇಲ್ಲ. ಮರ ತಕ್ಷಣ ಸಾಯಲ್ಲ, ಫಸಲು ಮಾತ್ರ ವರ್ಷ ವರ್ಷ ಇಳಿಯುತ್ತೆ. ನನ್ನ ಬಾಲ್ಕನಿಯ ಗಿಡಗಳನ್ನು ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: "ದುಡ್ಡು ಕೊಟ್ಟು ತಂದದ್ದಾ ಇದು? ಊರಲ್ಲಿ ಪುಕ್ಕಟೆ ಸಿಗ್ತಿತ್ತಲ್ಲ ಮಾರಾಯ!"

ನಕ್ಕೆವು. ಆದರೆ ಆ ಮಾತು ಮನಸ್ಸಲ್ಲೇ ಉಳಿಯಿತು. ಒಬ್ಬರ ಸಂಕಟದ ಬಣ್ಣ ಇನ್ನೊಬ್ಬರಿಗೆ ಅಲಂಕಾರ ಆಗಬಹುದಾ?

ಇದು ಹೊಸ ಕಥೆಯೇನಲ್ಲ. 1630ರ ದಶಕದಲ್ಲಿ ಹಾಲೆಂಡಿನ ಜನ ಬಣ್ಣದ ಗೆರೆ ಮೂಡಿದ ಟುಲಿಪ್ ಹೂವಿಗಾಗಿ ಹುಚ್ಚೆದ್ದು ದುಡ್ಡು ಸುರಿದರು. 1637ರಲ್ಲಿ ಬೆಲೆ ಕುಸಿಯಿತು. ಆ ಗೆರೆಗಳಿಗೆ ಕಾರಣ ಒಂದು ವೈರಸ್ ಅಂತ ಗೊತ್ತಾಗಿದ್ದು 1920ರ ದಶಕದಲ್ಲಿ. ಜನ ಮೆಚ್ಚಿದ ಆ ಚೆಂದವೇ ಗಡ್ಡೆಯ ಶಕ್ತಿಯನ್ನು ಒಳಗೊಳಗೇ ತಿನ್ನುತ್ತಿತ್ತು.

ಹಾಗಂತ ಮಚ್ಚೆಯ ಗಿಡಗಳೆಲ್ಲ ರೋಗದವಲ್ಲ. ನಮ್ಮ ಮನೆಗಳಲ್ಲಿರುವ ಮಚ್ಚೆಯ ಮನಿ ಪ್ಲಾಂಟನ್ನೇ ತಗೊಳ್ಳಿ. ಅದರ ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರಲ್ಲ. ಅಂದರೆ ಅದು ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಪಕ್ಕದ ಹಸಿರು ದುಡಿದು ಅದನ್ನೂ ಸಾಕುತ್ತೆ. ಪೂರ್ತಿ ಬಿಳಿ ಎಲೆಗಳದ್ದೇ ಒಂದು ಕುಡಿಯನ್ನು ಕತ್ತರಿಸಿ ಬೇರೆ ನೆಟ್ಟರೆ ಹೆಚ್ಚು ದಿನ ಬದುಕಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನನ್ನ ಬಿಇ ಫೀಸು. ಅದು ಬಂದದ್ದು ಅಡಿಕೆಯಿಂದ. ತೋಟ ಹಸಿರಾಗಿದ್ದಷ್ಟು ದಿನ ಅದು ನನ್ನನ್ನು ಓದಿಸಿತು. ಈಗ ಎಸಿ ಆಫೀಸಿನಲ್ಲಿ ಕೂತ ನಾನು ನೋಡೋಕೆ ಚೆಂದದ ಎಲೆ. ಸ್ವಂತ ಸಾಮರ್ಥ್ಯದಿಂದ ಇಲ್ಲಿಗೆ ಬಂದೆ ಅಂತ ಹೇಳಿಕೊಳ್ಳೋದು ಸುಲಭ. ಬಿಳಿ ಭಾಗಕ್ಕೂ ಹಾಗೇ ಅನ್ನಿಸುತ್ತಿರಬಹುದು!

ಹಾಗಾದರೆ ಚೆಂದವನ್ನೇ ಬಿಟ್ಟುಬಿಡಬೇಕಾ? ಬೇಡ. ಉಪಯೋಗ ಇದ್ದದ್ದಕ್ಕೆ ಮಾತ್ರ ಜಾಗ ಅನ್ನೋದಾದರೆ ನಮ್ಮೂರಿನ ಅಂಗಳಗಳಲ್ಲೂ ಕ್ರೋಟನ್ ಇರುತ್ತಿರಲಿಲ್ಲ. ನೆರಳಿನ ಮೂಲೆಯಲ್ಲಿ ತಿಳಿ ಬಣ್ಣದ ಒಂದು ಎಲೆ ಕೊಡುವ ಬೆಳಕು ಸುಳ್ಳಲ್ಲ. ಆದರೆ ಆ ಬೆಳಕಿನ ಖರ್ಚು ಯಾರ ಖಾತೆಯಿಂದ ಹೋಗ್ತಿದೆ ಅಂತ ಗೊತ್ತಿರಬೇಕು.

ಗಿಡ ಸಾಕುವವರಿಗೆ ಈ ಲೆಕ್ಕ ಗೊತ್ತು. ಪೂರ್ತಿ ಹಸಿರು ಕುಡಿ ಬಂದರೆ ಅದು ಜೋರಾಗಿ ಬೆಳೆದು ಮಚ್ಚೆಯ ಕುಡಿಗಳನ್ನು ಹಿಂದೆ ಹಾಕುತ್ತೆ, ಹಾಗಾಗಿ ಚಿವುಟುತ್ತಾರೆ. ಪೂರ್ತಿ ಬಿಳಿ ಕುಡಿ ಬಂದರೂ ಹಸಿರು ಬೆರೆತ ಗಿಣ್ಣಿನ ತನಕ ಹಿಂದಕ್ಕೆ ಕತ್ತರಿಸುತ್ತಾರೆ. ಮೊದಲನೆಯದು ಅಂದಕ್ಕಾಗಿ, ಎರಡನೆಯದು ಗಿಡ ಉಳಿಯಲಿ ಅಂತ. ನಾವು ಪೇಟೆಯವರು ಮರೆಯೋದು ಎರಡನೆಯದನ್ನೇ.

ಊರಿಗೆ ದುಡ್ಡು ಕಳಿಸಿದರೆ ಋಣ ತೀರಿತು ಅಂತ ನನಗನ್ನಿಸಲ್ಲ. ಹಸಿರು ಭಾಗಕ್ಕೆ ಬೇಕಿರೋದು ಥ್ಯಾಂಕ್ಸ್ ಅಲ್ಲ, ಬಿಸಿಲು, ನೀರು, ಮತ್ತೆ ತಾನೂ ಬೆಳೆಯೋದಕ್ಕೆ ಜಾಗ. ನಮ್ಮನ್ನು ಸಾಕಿದ ಊರಿಗೆ, ತೋಟಕ್ಕೆ, ಅಪ್ಪ ಅಮ್ಮನಿಗೆ ಅವು ಇವತ್ತು ಎಷ್ಟು ಸಿಗ್ತಿವೆ? ಮುಂದಿನ ಸಲ ನರ್ಸರಿಯಲ್ಲಿ ಚಿನ್ನದ ಬಣ್ಣದ ಎಲೆ ಕಂಡು ಕೈ ಚಾಚಿದಾಗ ಇದೊಂದನ್ನು ಕೇಳಿಕೊಳ್ಳಿ. ಕೇಳಿಕೊಂಡ ಮೇಲೆ ಗಿಡ ತಗೊಂಡೇ ಬನ್ನಿ.