ಮೂಲಸ್ಥಾನವಿಲ್ಲದ ಸರ್ಪ

ಕಳೆದ ನಾಗರ ಪಂಚಮಿಯಂದು ತೊಕ್ಕೊಟ್ಟಿನ ಸಮೀಪದ ಮನೆತನವೊಂದರ ನಾಗಬನದಲ್ಲಿ ನಮ್ಮ ತೀರ್ಥರೂಪರು ತನು ಎರೆದು, ಪೂಜೆಯನ್ನು ಮುಗಿಸಿ, ಅರಸಿನ ಪ್ರಸಾದವನ್ನು ಹಂಚುತ್ತಿದ್ದರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಮನೆಯ ತರುಣನೊಬ್ಬನು ಪ್ರಸಾದವನ್ನು ಸ್ವೀಕರಿಸಿ, ತನ್ನ ಮೊಬೈಲಿನಲ್ಲಿದ್ದ ಚಿತ್ರವೊಂದನ್ನು ತೋರಿಸಿದನು. ಹಾಲಿನಂತೆ ಬಿಳುಪಾದ ಮೈ, ಅಲ್ಲಲ್ಲಿ ಕಂದು ತೇಪೆಗಳು, ಪುಟ್ಟದೊಂದು ಹೆಬ್ಬಾವು.

"ಭಟ್ರೇ, ಇದು ನಮ್ಮ ದೇಶದ ಹಾವಲ್ಲ, ವಿಷವೂ ಇಲ್ಲ. ಕಾಡಿನಿಂದ ಹಿಡಿದು ತಂದದ್ದೂ ಅಲ್ಲ, ಪೆಟ್ಟಿಗೆಯಲ್ಲೇ ಹುಟ್ಟಿದ್ದು. ಒಂದು ಜೋಡಿ ತಂದು ಮರಿ ಮಾಡಿಸಿದರೆ ಹಾಕಿದ ಹಣ ಹಿಂದೆ ಬರುತ್ತದಂತೆ. ಇದಕ್ಕೂ ನಾಗದೋಷ ಉಂಟೋ?" ಎಂದು ಕೇಳಿದನು.

ತೀರ್ಥರೂಪರು ಕ್ಷಣಕಾಲ ಯೋಚಿಸಿ, "ದೋಷದ ಮಾತು ಆಮೇಲೆ ಮಾಣಿ. ಅದರ ಮೂಲಸ್ಥಾನ ಎಲ್ಲಿ, ಅದನ್ನು ಹೇಳು" ಎಂದರು. ತರುಣನಲ್ಲಿ ಉತ್ತರವಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯ ಅರ್ಥ ಎಲ್ಲರಿಗೂ ತಿಳಿದದ್ದೇ. ಮುಂಬಯಿಯಲ್ಲಿ ನೆಲೆಸಿದವನಾದರೂ ಕಷ್ಟ ಬಂದಾಗ ತನ್ನ ಕುಟುಂಬದ ಮೂಲನಾಗ ಯಾವ ಬನದಲ್ಲಿದೆಯೆಂದು ಹುಡುಕಿಕೊಂಡು ಬರುತ್ತಾನೆ. ಹಾಗಾದರೆ ಈ ಸರ್ಪದ ಮೂಲ ಎಲ್ಲಿಯದು? ಲೋಕದಲ್ಲಿ ಬಾಲ್ ಪೈಥಾನ್ ಎಂದು ಕರೆಯಲ್ಪಡುವ ಈ ಹೆಬ್ಬಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುರುಳಿಯಾಗುವುದರಿಂದ ಅದಕ್ಕೆ ಆ ಹೆಸರು. ತಾಯಿಯು ನಾಲ್ಕಾರು ಮೊಟ್ಟೆಗಳನ್ನಿಟ್ಟು, ಸುಮಾರು ಎರಡು ತಿಂಗಳ ಕಾಲ ಅವುಗಳನ್ನು ಸುತ್ತಿಕೊಂಡೇ ಕಾಯುತ್ತದೆ. ಆಫ್ರಿಕಾದ ಬೆನಿನ್ ದೇಶದ ವೀದಾ ಎಂಬ ಪಟ್ಟಣದಲ್ಲಿ ಇದೇ ಹೆಬ್ಬಾವುಗಳಿಗಾಗಿ ಒಂದು ದೇವಾಲಯವುಂಟು. ಹಾವು ಮನೆಯೊಳಗೆ ಬಂದರೆ ಅಲ್ಲಿಯವರು ಅದನ್ನು ಹೊಡೆಯದೆ ಗೌರವದಿಂದ ದೇವಾಲಯಕ್ಕೆ ತಲುಪಿಸುತ್ತಾರೆ. ನಮ್ಮಂತೆಯೇ ಸರ್ಪಕ್ಕೆ ಕೈಮುಗಿಯುವ ಜನರ ನಾಡೇ ಅದರ ಮೂಲಸ್ಥಾನವಾಗಿದೆ.

ಅಂತಹ ಜೀವಿಯು ಅಂಗಡಿಯ ಸರಕಾದದ್ದು ಹೇಗೆ? ಅಮೆರಿಕದಲ್ಲಿ 1992ರಲ್ಲಿ ಬಿಳಿ-ಹಳದಿ ಮೈಯ ತಳಿಯನ್ನೂ, 1997ರಲ್ಲಿ ಮೇಲೆ ಹೇಳಿದ ತೇಪೆಯ ತಳಿಯನ್ನೂ ಸಾಕಣೆಯಲ್ಲಿ ಪಡೆಯಲಾಯಿತು. ಅಲ್ಲಿಂದ ಮುಂದೆ ಬಣ್ಣಕ್ಕೆ ಬಣ್ಣವನ್ನು ಕೂಡಿಸಿ ಸಾವಿರಾರು ಬಗೆಗಳನ್ನು ಹುಟ್ಟಿಸಿದ್ದಾರೆ. ಹೊಸ ಬಣ್ಣ ಬಂದಾಗ ಒಂದೊಂದು ಹಾವಿಗೆ ಹತ್ತಾರು ಸಾವಿರ ಡಾಲರುಗಳ ಬೆಲೆ; ಅದೇ ಬಣ್ಣ ಹಲವರಲ್ಲಿ ಹೆಚ್ಚಿದೊಡನೆ ಬೆಲೆ ಕುಸಿಯುತ್ತದೆ. ಹಾವು ಅದೇ, ಹಸಿವು ಅದೇ, ಭಯ ಅದೇ; ಬೆಲೆ ಮಾತ್ರ ಬೇರೆ. ಇಂತಹ ವ್ಯಾಪಾರದಲ್ಲಿ ಹಾವುಗಳು ಒಂದರ ಮೇಲೊಂದು ಜೋಡಿಸಿದ ಪ್ಲಾಸ್ಟಿಕ್ ಖಾನೆಗಳಲ್ಲಿ ಬಾಳುತ್ತವೆ. ಮೊಟ್ಟೆಗಳನ್ನು ತಾಯಿಯ ಸುತ್ತಿನಿಂದ ತೆಗೆದು ಯಂತ್ರದ ಕಾವಿಗೆ ಇಡುತ್ತಾರೆ.

ಇದು ದೂರದ ಸುದ್ದಿಯೇನೂ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳನ್ನು ಸುಂಕದ ಅಧಿಕಾರಿಗಳು ತೆರೆದಾಗ 78 ಪ್ರಾಣಿಗಳು ದೊರೆತವು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನುಗಳು, 17 ಕಾಳಿಂಗ ಸರ್ಪಗಳು. ಉಳಿದ 6 ಕೋತಿಗಳು ಆಗಲೇ ಸತ್ತಿದ್ದವು. ಸತ್ತ ನಾಗರಹಾವು ದಾರಿಯಲ್ಲಿ ಕಂಡರೂ ಸಂಸ್ಕಾರವನ್ನು ಮಾಡಿಸದೆ ಮುಂದೆ ಹೋಗದ ನಾಡು ನಮ್ಮದು. ಅದೇ ನಾಡಿನ ರಾಜಧಾನಿಗೆ ಸರ್ಪಗಳು ಬಟ್ಟೆಬರೆಯಂತೆ ತುಂಬಿ ಬರುತ್ತಿವೆ.

ಆದರೆ ತರುಣನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕಳ್ಳಸಾಗಣೆ ತಪ್ಪೆಂದು ಅವನೂ ಒಪ್ಪುತ್ತಾನೆ. ನಾಗರಹಾವು, ನಮ್ಮ ನಾಡಿನ ಹೆಬ್ಬಾವು ಮುಂತಾದವನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂತಹ ವಿದೇಶೀ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಕೈ ಬದಲಾದರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ಇದೆಲ್ಲವನ್ನೂ ಪಾಲಿಸಿ, ಹೊತ್ತುಹೊತ್ತಿಗೆ ಆಹಾರವನ್ನು ಕೊಟ್ಟು, ಪ್ರೀತಿಯಿಂದ ಸಾಕಿದರೆ ತಪ್ಪೇನು? ನಾಯಿಯನ್ನು, ಹಸುವನ್ನು ಸಾಕುವುದಿಲ್ಲವೇ?

ಈ ಪ್ರಶ್ನೆಗೆ ಶ್ರೀಮದಾಚಾರ್ಯರು ಬೋಧಿಸಿದ ಪಂಚಭೇದಗಳಲ್ಲಿಯೇ ಉತ್ತರವಿದೆಯೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಜೀವ-ಜಡ ಭೇದವನ್ನು ನಾವು ಬಾಲ್ಯದಿಂದ ಬಾಯಿಪಾಠ ಮಾಡಿದ್ದೇವೆ. ಅದು ವಾದಸಭೆಗೆ ಮಾತ್ರ ಮೀಸಲಾದ ಮಾತಲ್ಲ. ಜಡವು ಇನ್ನೊಬ್ಬರ ಉಪಯೋಗಕ್ಕಾಗಿ ಇರುವುದು. ಜೀವಕ್ಕಾದರೋ ತನ್ನದೇ ಆದ ಸ್ವರೂಪ, ತನ್ನದೇ ಆದ ಸುಖದುಃಖ, ತನ್ನೊಳಗೆ ಅಂತರ್ಯಾಮಿಯಾದ ಭಗವಂತನ ಸನ್ನಿಧಾನ ಇವೆ. "ಈ ತಳಿಯನ್ನು ನಾನು ಮಾಡಿದೆ" ಎಂದು ಸಾಕಣೆಗಾರನು ಹೇಳುವಾಗ ಅವನು ಮಾಡಿದ್ದಾದರೂ ಏನು? ಜೀವವು ಅನಾದಿ, ಅದನ್ನು ಅವನು ಮಾಡಲಿಲ್ಲ. ಅದು ಹೊತ್ತುಕೊಳ್ಳಬೇಕಾದ ದೇಹದ ಬಣ್ಣವನ್ನು ತನ್ನ ಲಾಭಕ್ಕೆ ತಕ್ಕಂತೆ ಬದಲಿಸಿದ, ಅಷ್ಟೆ.

ಅದರ ಫಲವನ್ನು ಯಾರು ಉಣ್ಣುತ್ತಾರೆ? ಸ್ಪೈಡರ್ ಎಂಬ ತಳಿಯೊಂದಿದೆ. ಅದರ ಮೈಮೇಲಿನ ಜೇಡರಬಲೆಯಂತಹ ಗೆರೆಗಳ ಚೆಲುವಿಗಾಗಿ ಜನರು ಮುಗಿಬಿದ್ದರು. ಆದರೆ ಆ ಗೆರೆಗಳನ್ನು ತರುವ ವಂಶಗುಣವೇ ಒಳಗಿವಿಯ ವಿಕಲತೆಯನ್ನೂ ತರುತ್ತದೆ. ಹಾವಿನ ತಲೆ ನಡುಗುತ್ತದೆ, ಮೈ ತಿರುಚಿಕೊಳ್ಳುತ್ತದೆ, ಇಲಿಗೆ ಗುರಿಯಿಟ್ಟರೆ ತಪ್ಪುತ್ತದೆ. ಬಣ್ಣವನ್ನುಳಿಸಿ ನಡುಕವನ್ನು ಬಿಡಿಸಲು ಸಾಕಣೆಗಾರರಿಗೆ ಸಾಧ್ಯವಾಗಲಿಲ್ಲ. ಬ್ರಿಟನ್ನಿನ ಒಂದು ಉರಗಪ್ರಿಯರ ಸಂಘವು 2018ರಲ್ಲಿ ತನ್ನ ಮೇಳಗಳಲ್ಲಿ ಈ ತಳಿಯ ಮಾರಾಟವನ್ನು ನಿಲ್ಲಿಸಿತು. ನೋಡುವವನ ಕಣ್ಣಿಗೆ ಚೆಲುವು, ಹೊರುವ ಜೀವಕ್ಕೆ ನಡುಕ. ಪ್ರೀತಿಯಿಂದ ಸಾಕುತ್ತೇವೆ ಎಂಬ ಮಾತು ಇಲ್ಲಿ ನಿಲ್ಲಲಾರದು. ಯಜ್ಞದಲ್ಲಿಯೂ ಜೀವಂತ ಪಶುವಿನ ಬದಲು ಪಿಷ್ಟಪಶುವೇ ಸಾಕೆಂದು ತೋರಿಸಿಕೊಟ್ಟ ಪರಂಪರೆಯವರು ನಾವು. ದೇವಕಾರ್ಯಕ್ಕೇ ಸಲ್ಲದ ಹಿಂಸೆಯು ಅಲಂಕಾರಕ್ಕೆ ಸಲ್ಲುವುದೆಂತು?

ಪರೀಕ್ಷಿದ್ರಾಜನ ಕಥೆಯನ್ನು ಸ್ಮರಿಸಿಕೊಳ್ಳೋಣ. ಅವನು ಸರ್ಪವನ್ನು ಕೊಲ್ಲಲಿಲ್ಲ. ಸತ್ತು ಬಿದ್ದಿದ್ದ ಸರ್ಪವನ್ನು ಬಿಲ್ಲಿನ ತುದಿಯಿಂದೆತ್ತಿ, ತನ್ನ ಕೋಪವನ್ನು ತೀರಿಸಿಕೊಳ್ಳುವ ಸಾಧನವೆಂಬಂತೆ ಶಮೀಕ ಮುನಿಗಳ ಕೊರಳಿಗೆ ಹಾಕಿದನು. ಅಲ್ಲಿಂದ ಶಾಪ, ತಕ್ಷಕದಂಶ, ಕೊನೆಗೆ ಜನಮೇಜಯನ ಸರ್ಪಸತ್ರ. ಇಂದು ಜೀವಂತ ಸರ್ಪವನ್ನೇ ಕೊರಳಿಗೆ ಹಾಕಿಕೊಂಡು ಚಿತ್ರ ತೆಗೆಸಿಕೊಳ್ಳುವವರಿದ್ದಾರೆ.

ಹೀಗೆಂದು ಪರರನ್ನು ಹಳಿದು ನಾವು ನಿಶ್ಚಿಂತರಾಗುವಂತಿಲ್ಲ. ಮರಬಳ್ಳಿಗಳಿಂದ ತುಂಬಿದ್ದ ಎಷ್ಟೋ ಬನಗಳನ್ನು ಕಡಿದು, ಕಾಂಕ್ರೀಟಿನ ಕಟ್ಟೆಯನ್ನು ಕಟ್ಟಿಸಿ, ಗ್ರಾನೈಟು ಹಾಸಿ, ಕಲ್ಲಿನ ನಾಗನಿಗೆ ಹಾಲೆರೆದು, ಜೀವಂತ ನಾಗನಿಗೆ ಹುತ್ತವೇ ಇಲ್ಲದಂತೆ ಮಾಡಿದವರು ನಾವೇ. ಹಾಲು ಬತ್ತಿದ ಹಸುವನ್ನು ಹಟ್ಟಿಯಿಂದ ಹೊರಗೆ ಅಟ್ಟುವವನೂ ಜೀವವನ್ನು ಜಡವೆಂದೇ ಎಣಿಸುತ್ತಾನೆ. ಹಸುವನ್ನು ಸಾಕುವವನಿಗೆ ಅದರ ಮುಪ್ಪಿನವರೆಗಿನ ಹೊಣೆಯುಂಟು. ಆ ಹೊಣೆಯನ್ನು ಒಪ್ಪದ ಸಾಕಣೆಯು ಹಾವಿನದಾದರೂ ಹಸುವಿನದಾದರೂ ಬರಿಯ ವ್ಯಾಪಾರವೇ ಸರಿ.

ಆದುದರಿಂದ ಇನ್ನೂ ಕೊಳ್ಳದವರು ಕೊಳ್ಳದಿರಲಿ, ಕೊಳ್ಳುವವರಿಲ್ಲದೆ ಹುಟ್ಟಿಸುವವರಿಲ್ಲ. ಈಗಾಗಲೇ ತಂದವರು ನೋಂದಾಯಿಸಿ, ಮರಿ ಮಾಡಿಸದೆ, ಮಾರದೆ, ಅದರ ಆಯುಸ್ಸಿನವರೆಗೆ ಸಾಕಲಿ. ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಬೇಸರ ಬಂದಾಗ ಬನದಲ್ಲಿ ಬಿಟ್ಟು ಕೈಮುಗಿದರೆ ಪುಣ್ಯ ಬರುವುದೆಂದು ಮಾತ್ರ ಭಾವಿಸಬಾರದು. ಅದು ಆ ಹಾವಿಗೂ ಕೇಡು, ಇಲ್ಲಿಯ ಜೀವಿಗಳಿಗೂ ಕೇಡು.

ಅಂದು ಆ ತರುಣನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ದೋಷ ಹಾವಿನದಲ್ಲ ಭಟ್ರೇ" ಎಂದನು. ತೀರ್ಥರೂಪರು, "ಹಾವಿಗೆ ಯಾವತ್ತೂ ದೋಷ ಇಲ್ಲ ಮಾಣಿ. ಅದನ್ನು ನಾವು ಏನೆಂದು ಎಣಿಸುತ್ತೇವೆ, ಅಲ್ಲಿರುವುದು ದೋಷ" ಎಂದು ಹೇಳಿ, ಉಳಿದ ಎಳನೀರನ್ನು ಬನದ ಮರದ ಬುಡಕ್ಕೆ ಎರೆದರು.

॥ ಶ್ರೀಕೃಷ್ಣಾರ್ಪಣಮಸ್ತು ॥