ಎಷ್ಟು ಸೇಫ್ ಅಂದ್ರೆ ಸೇಫ್?

ಕಾಗದದ ಕಾರ್ಖಾನೆಗಳಲ್ಲಿ ಬಳಸುವ ಒಂದು ರಾಸಾಯನಿಕ ಇದೆ. ಹೆಸರು ಪಾಲಿಎಥಿಲೀನ್‌ಇಮೈನ್, ಚಿಕ್ಕದಾಗಿ ಪಿಇಐ. ನೀರಲ್ಲಿ ಕರಗುವ ಪಾಲಿಮರ್, ಮೈತುಂಬಾ ಧನ ವಿದ್ಯುದಂಶ. ಡಿಎನ್‌ಎಯದ್ದು ಋಣ ವಿದ್ಯುದಂಶ. ಎರಡನ್ನೂ ನೀರಲ್ಲಿ ಬೆರೆಸಿದರೆ ಉದ್ದನೆಯ ಡಿಎನ್‌ಎ ಮುದುಡಿಕೊಂಡು ಪುಟ್ಟ ಉಂಡೆಯಾಗುತ್ತದೆ. ಆ ಉಂಡೆಯನ್ನು ಜೀವಕೋಶ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಬೇಕಾದ ಜೀನನ್ನು ಕೋಶದೊಳಗೆ ತಲುಪಿಸಬಹುದು ಅಂತ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವಿಜ್ಞಾನಿಗಳು 1995ರಲ್ಲಿ ತೋರಿಸಿದರು.

ತೊಡಕು ಏನಂದ್ರೆ, ಡಿಎನ್‌ಎಯನ್ನು ಹಿಡಿದುಕೊಳ್ಳುವ ಅದೇ ವಿದ್ಯುದಂಶ ಜೀವಕೋಶದ ಪೊರೆಗೂ ಅಂಟಿಕೊಂಡು ಅದನ್ನು ಹಾಳು ಮಾಡುತ್ತದೆ. ಪಾಲಿಮರ್ ಸರಪಳಿ ಉದ್ದವಾದಷ್ಟೂ ಜೀನ್ ಚೆನ್ನಾಗಿ ತಲುಪುತ್ತದೆ, ಕೋಶಗಳೂ ಹೆಚ್ಚು ಸಾಯುತ್ತವೆ. ಗಿಡ್ಡ ಮಾಡಿದರೆ ಅಪಾಯ ಕಡಿಮೆ, ಆದರೆ ಕೆಲಸವೂ ಅಷ್ಟಕ್ಕಷ್ಟೇ.

ಹಾಗಾದ್ರೆ ಇದನ್ನು ಸೇಫ್ ಅನ್ನಬೇಕಾ, ಬೇಡ್ವಾ? ಮೇಲ್ನೋಟಕ್ಕೆ ಇದು ಕೆಮಿಸ್ಟ್ರಿ ಪ್ರಶ್ನೆ. ನನಗೆ ಹಾಗನ್ನಿಸುವುದಿಲ್ಲ.

ಜೀನ್ ಸಾಗಿಸುವ ಇನ್ನೊಂದು ವಾಹನ ವೈರಸ್. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್‌ಗೆ ದುರ್ಬಲಗೊಳಿಸಿದ ಅಡಿನೋವೈರಸ್ ಮೂಲಕ ಜೀನ್ ಕೊಟ್ಟರು. ನಾಲ್ಕು ದಿನಕ್ಕೆ, ಸೆಪ್ಟೆಂಬರ್ 17ರಂದು, ಹುಡುಗ ತೀರಿಕೊಂಡ. ದೇಹದಲ್ಲಿ ಅಮೋನಿಯಾ ಶೇಖರವಾಗುವ ಆನುವಂಶಿಕ ಕಾಯಿಲೆ ಅವನದ್ದು. ಆದರೆ ಪಥ್ಯ, ಮಾತ್ರೆಗಳಿಂದ ಹತೋಟಿಯಲ್ಲಿತ್ತು. ಈ ಪ್ರಯೋಗದಿಂದ ಅವನಿಗೆ ಲಾಭವೇನೂ ಇರಲಿಲ್ಲ. ಅದೇ ಕಾಯಿಲೆಯಿಂದ ಸಾಯುವ ಮಕ್ಕಳಿಗೆ ಮುಂದೆ ಉಪಯೋಗವಾಗಲಿ ಅಂತ ಬಂದಿದ್ದ.

ಸಾಯುತ್ತಿರುವ ಮಕ್ಕಳ ಮೇಲೇ ಯಾಕೆ ಪ್ರಯೋಗ ಮಾಡಲಿಲ್ಲ? ಅಂಥ ಮಗುವಿನ ಅಪ್ಪ-ಅಮ್ಮ ಏನು ಕೊಟ್ಟರೂ ಸಹಿ ಹಾಕಿಬಿಡುತ್ತಾರೆ, ಅದು ಸ್ವತಂತ್ರ ಒಪ್ಪಿಗೆ ಅಲ್ಲ ಅಂತ ನೀತಿಶಾಸ್ತ್ರಜ್ಞರು ಸಲಹೆ ಕೊಟ್ಟಿದ್ದರು. ವಾದ ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಅದು ಎಲ್ಲಿಗೆ ಬಂದು ನಿಂತಿತು ನೋಡಿ. 'ಬೇಡ' ಅನ್ನುವ ಸ್ವಾತಂತ್ರ್ಯ ಯಾರಿಗಿತ್ತೋ ಅವನಿಗೆ ಪಡೆಯುವುದೇನೂ ಇರಲಿಲ್ಲ. ಪಡೆಯುವುದು ಯಾರಿಗಿತ್ತೋ ಅವರ ಮಾತಿಗೆ ಬೆಲೆ ಸಿಗಲಿಲ್ಲ.

ಇಲ್ಲಿ ನನ್ನ ತಕರಾರಿದೆ. ಸಂಕಟ ಮನುಷ್ಯನ ವಿವೇಕವನ್ನು ಕಸಿದುಕೊಳ್ಳುವುದಿಲ್ಲ, ಅವನ ತಕ್ಕಡಿಯನ್ನು ಬದಲಿಸುತ್ತದೆ ಅಷ್ಟೆ. ಎಸ್‌ಎಂಎ ಕಾಯಿಲೆಯ ತೀವ್ರ ರೂಪ ಇರುವ ಕೂಸುಗಳು ಚಿಕಿತ್ಸೆ ಸಿಗದಿದ್ದರೆ ಹೆಚ್ಚಾಗಿ ಎರಡು ವರ್ಷ ದಾಟುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೊಲ್ಗೆನ್ಸ್‌ಮಾ ಇದಕ್ಕೇ ಇರುವ ಜೀನ್ ಚಿಕಿತ್ಸೆ. ಒಂದೇ ಡೋಸಿಗೆ ಅಲ್ಲಿಯ ಬೆಲೆ 21 ಲಕ್ಷ ಡಾಲರಿಗೂ ಹೆಚ್ಚು. '16 ಕೋಟಿಯ ಇಂಜೆಕ್ಷನ್‌ಗೆ ನೆರವಾಗಿ' ಎಂಬ ಮನವಿಗಳು ನಮ್ಮ ಫೋನಿಗೂ ಬಂದಿವೆ. ಆ ಅಪ್ಪ-ಅಮ್ಮನಿಗೆ 'ಇದು ಸೇಫಾ?' ಅಂತ ಕೇಳಿದರೆ, 'ಯಾವುದಕ್ಕೆ ಹೋಲಿಸಿದರೆ?' ಅಂತ ತಿರುಗಿ ಕೇಳುತ್ತಾರೆ. ಸರಿಯಾದ ಪ್ರಶ್ನೆ ಅದೇ. ಸುರಕ್ಷತೆ ಒಂದು ವಸ್ತುವಿನ ಗುಣ ಅಲ್ಲ. ಯಾರಿಗೆ, ಯಾವುದರ ಬದಲಿಗೆ ಅನ್ನುವುದರ ಮೇಲೆ ಅದು ನಿಂತಿದೆ.

ಆದರೆ ಈ ಮಾತನ್ನು ದುರುಪಯೋಗ ಮಾಡುವುದೂ ಸುಲಭ. ಬೇರೆ ದಾರಿ ಇಲ್ಲದವರಿಗೆ ಏನು ಬೇಕಾದರೂ ದಾಟಿಸಬಹುದಲ್ಲ! ಅದನ್ನು ತಡೆಯುವುದು ಪೂರ್ತಿ ಸತ್ಯ ಹೇಳುವ ಕರ್ತವ್ಯ. ಜೆಸ್ಸಿ ಸಹಿ ಹಾಕಿದ ಫಾರಂನಲ್ಲಿ, ಇಂಥದೇ ವೈರಸ್ಸಿನ ಭಾರೀ ಡೋಸ್ ಪಡೆದ ಕೋತಿಗಳು ಸತ್ತಿದ್ದ ವಿಷಯ ಇರಲಿಲ್ಲ. ನನ್ನ ಮಟ್ಟಿಗೆ ಅಲ್ಲಿಯ ನಿಜವಾದ ಅನ್ಯಾಯ ಇದು. ಓದದೆ 'ಐ ಅಗ್ರೀ' ಒತ್ತಿ ಆಪ್ ಹಾಕಿಕೊಳ್ಳುವ ನಾವು ಒಪ್ಪಿಗೆ ಅಂದರೆ ಸಹಿ ಅಂದುಕೊಂಡಿದ್ದೇವೆ. ಸಹಿಗೆ ಮುಂಚೆ ಎದುರಿನವರು ಏನೇನು ಹೇಳಿದರು ಅನ್ನುವುದರಲ್ಲಿ ಒಪ್ಪಿಗೆ ಇದೆ.

ಪಿಇಐ ಏನಾಯ್ತು? ಅದಕ್ಕೆ ಬೇರೆ ಕಡೆ ಕೆಲಸ ಸಿಕ್ಕಿದೆ. ಜೀನ್ ಚಿಕಿತ್ಸೆಗೆ ಇವತ್ತು ಬಳಸುವ ಎಎವಿ ವೈರಸ್ಸುಗಳನ್ನು ತಯಾರಿಸುವಾಗ, ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಡಿಎನ್‌ಎ ತುಂಬಲು ಅದನ್ನು ವ್ಯಾಪಕವಾಗಿ ಬಳಸುತ್ತಾರೆ. ಆಮೇಲೆ ಔಷಧಿಯಿಂದ ಅದನ್ನು ಶುದ್ಧೀಕರಿಸಿ ತೆಗೆಯುತ್ತಾರೆ. ಪಾತ್ರೆಯೊಳಗೆ ಅದರಿಂದ ಸಾಯುವ ಕೋಶಗಳ ಲೆಕ್ಕವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಮಗುವಿನ ಮೈಗೆ ಹೋಗುವ ಹನಿಯ ಲೆಕ್ಕವನ್ನು ಮಾತ್ರ, ಕೇಳುವ ಮೊದಲೇ, ಆ ಅಪ್ಪ-ಅಮ್ಮನ ಮುಂದೆ ಇಡಬೇಕು.